ತಿರುಗಿ ಬಂದವರ ಕಲ್ಲು

ಒಂದು ಅಂಗಡಿಗೆ ಒಮ್ಮೆ ಬಂದು ಹೋದವನು ಎರಡನೆಯ ಸಲ ಬಂದರೆ, ನಮ್ಮ ಊರಿನಲ್ಲಿ ಆ ಅಂಗಡಿಯ ಮೆಟ್ಟುಗಲ್ಲು ಉಗುರಿನ ದಪ್ಪದಷ್ಟು ಮೇಲೇಳುತ್ತದೆ. ಮೂರನೆಯ ಸಲ ಬಂದರೆ ಮತ್ತೊಂದು ಉಗುರು. ಯಾರೂ ತಿರುಗಿ ಬರದಿದ್ದರೆ ಕಲ್ಲು ಮೆಲ್ಲಗೆ ನೆಲದೊಳಕ್ಕೆ ಇಳಿಯುತ್ತದೆ. ಯಾಕೆ ಹೀಗೆ ಎಂದು ಪರವೂರಿನವರು ಕೇಳುತ್ತಾರೆ. ನಿಮ್ಮ ಊರಿನ ಕಲ್ಲುಗಳು ಯಾಕೆ ಸುಮ್ಮನೆ ಬಿದ್ದಿರುತ್ತವೆ ಎಂದು ನಾವು ಅವರನ್ನು ಯಾವತ್ತಾದರೂ ಕೇಳಿದ್ದೇವೆಯೇ?

ಕಲ್ಲಿಗೆ ಮೋಸ ಮಾಡಲು ಹೋದವರು ಇಲ್ಲದೆ ಇಲ್ಲ. ಕೆಳಗೆ ಬೆಣೆ ಬಡಿದರೆ ಬೆಳಗಾಗುವುದರೊಳಗೆ ಬೆಣೆ ಹೊರಗೆ ಬಿದ್ದಿರುತ್ತದೆ. ನೆಂಟರನ್ನು ಕರೆಸಿ ಸುಮ್ಮಸುಮ್ಮನೆ ಒಳಗೆ ಹೊರಗೆ ಓಡಾಡಿಸಿದರೆ ಕಲ್ಲು ಮಿಸುಕುವುದಿಲ್ಲ. ಕೆಲಸವಿದ್ದು ಬಂದವನ ಪಾದ ಅದಕ್ಕೆ ಗೊತ್ತಾಗುತ್ತದೆ. ಹೀಗಾಗಿ ನಮ್ಮಲ್ಲಿ ಎಲ್ಲ ಲೆಕ್ಕವೂ ಕಲ್ಲಿನದೇ. ಹೆಣ್ಣು ಕೊಡುವವರು ಹುಡುಗನ ಮುಖಕ್ಕಿಂತ ಮೊದಲು ಅವನ ಅಂಗಡಿಯ ಕಲ್ಲು ನೋಡುತ್ತಾರೆ. ಮಿಠಾಯಿ ಅಂಗಡಿಯ ಕಲ್ಲು ಮೀನಖಂಡದವರೆಗೆ ಬಂದಾಗ ಅವರು ಮಗ್ಗುಲಲ್ಲಿ ಒಂದು ಮಣೆ ಇಟ್ಟರು. ವೈದ್ಯ ಗುರುಪಾದಯ್ಯನ ಕಲ್ಲು ಎದೆಯುದ್ದ ಎದ್ದು ನಿಂತಿದೆ. ರೋಗಿಗಳು ಏಣಿ ಹತ್ತಿ ಹೋಗುತ್ತಾರೆ. ಹತ್ತುವಾಗ ಕೆಳಗೆ ನಿಂತವರು, "ಎಂಥಾ ವೈದ್ಯ ನೋಡ್ರಿ, ಊರಾಗ ಇವನ ಕಲ್ಲಿನಷ್ಟು ಎತ್ತರದ ಕಲ್ಲಿಲ್ಲ" ಎಂದು ಮೆಚ್ಚಿ ಮಾತಾಡುತ್ತಾರೆ. ನಾನೂ ಹಾಗೆ ಮಾತಾಡಿದವನೇ.

ನನ್ನ ಹೆಸರು ದಾವಲಸಾಬ. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡುವುದು ನಮ್ಮ ಮನೆತನದ ಕಸುಬು. ಎರಡು ಅಂಗಡಿಗಳಿದ್ದವು. ಹಳೆಯ ಓಣಿಯ ಅಂಗಡಿಯಲ್ಲಿ ನನ್ನ ಅಕ್ಕ ಚಾಂದಬಿ ಕೂರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಹೊಸ ಪೇಟೆಯ ಅಂಗಡಿ ಅಣ್ಣನ ಮಗ ಮೀರಾಸಾಬನ ಕೈಯಲ್ಲಿತ್ತು. ಎರಡಕ್ಕೂ ಮಾಲೀಕ ನಾನೇ. ಬೂರುಗದ ಹತ್ತಿ ತಂದು ಎರಡೂ ಕಡೆ ಹಂಚುವುದು, ಕೆಲಸ ಸರಿಯಾಗದಿದ್ದರೆ ಬಾಯಿ ಮಾಡುವುದು, ಇವೆರಡು ನನ್ನ ಕೆಲಸ. ಎರಡನೆಯದನ್ನು ನಾನು ಹೆಚ್ಚು ಚೆನ್ನಾಗಿ ಮಾಡುತ್ತಿದ್ದೆ.

ಆ ವರ್ಷ ಗುಡ್ಡದಾಚೆಯ ಬೂರುಗದ ಮರಗಳನ್ನು ಯಾರೋ ಕಡಿಸಿದರು. ಬರುತ್ತಿದ್ದ ಹತ್ತಿ ಅರ್ಧಕ್ಕೆ ಇಳಿಯಿತು. ಎರಡು ಅಂಗಡಿಗೆ ಸಾಲದು, ಒಂದಕ್ಕೆ ಸಾಕು. ನಮ್ಮ ಊರಿನಲ್ಲಿ ಅಂಗಡಿ ಮುಚ್ಚಬೇಕಾದರೆ ಅಳತೆಯ ದಿನ ಪೇಟೆಯ ಪಂಚರ ಎದುರು ಹೇಳಬೇಕು. ಪಂಚರ ಯಜಮಾನ ಎಣ್ಣೆಗಾಣದ ಚೆನ್ನವೀರಪ್ಪ. ಅವನು ಗಳ ಹಿಡಿದುಕೊಂಡು ಬಂದು ಕಲ್ಲು ಅಳೆಯುತ್ತಾನೆ. ಯಾವ ಅಂಗಡಿ ಬಿಡುತ್ತೀ ಎಂದು ಮಾಲೀಕನನ್ನು ಒಂದೇ ಸಲ ಕೇಳುತ್ತಾನೆ. ಮಾಲೀಕ ಬಾಯಿ ಬಿಡದಿದ್ದರೆ, ಅಥವಾ ಅಲ್ಲಿ ಇಲ್ಲದಿದ್ದರೆ, ಕಲ್ಲಿನ ಮಾತೇ ಕೊನೆ: ತಗ್ಗಿನ ಕಲ್ಲಿನ ಬಾಗಿಲಿಗೆ ಸುಣ್ಣದ ಗೀಟು ಬೀಳುತ್ತದೆ, ಅಂಗಡಿ ಮುಚ್ಚುತ್ತದೆ.

ಮೀರಾನ ಕಲ್ಲು ಮೊಣಕಾಲು ದಾಟಿತ್ತು. ಅಕ್ಕನ ಕಲ್ಲನ್ನು ಕೋಳಿಮರಿ ಕೂಡ ದಾಟುತ್ತಿತ್ತು. ಇನ್ನು ಯೋಚಿಸುವುದು ಏನಿದೆ ಎಂದು ಊರವರು ಅಂದರು. ನಾನು ಯೋಚಿಸುತ್ತಿದ್ದದ್ದು ಬೇರೆ. ಅವಳ ಅಂಗಡಿಗೆ ಜನ ತಿರುಗಿ ಯಾಕೆ ಬರುವುದಿಲ್ಲ? ನಾನು ಕೊಡುವ ಹತ್ತಿ ಒಂದೇ, ಬಟ್ಟೆ ಒಂದೇ. ಇವಳು ಏನೋ ಮಾಡುತ್ತಿದ್ದಾಳೆ. ಹತ್ತಿಯನ್ನು ಮದುವೆಯಾದ ತನ್ನ ಹೆಣ್ಣುಮಕ್ಕಳ ಮನೆಗೆ ಸಾಗಿಸುತ್ತಿರಬೇಕು, ಇಲ್ಲವೇ ಬಂದವರಿಗೆ ಅಂದು ಆಡಿ ಓಡಿಸುತ್ತಿರಬೇಕು. ಬಾಯಿ ಜೋರಿನಲ್ಲಿ ನಮ್ಮ ಮನೆತನದವರೇ ಅವಳು.

ಹೋಗಿ ನೇರವಾಗಿ ಕೇಳಿದೆ. ಅವಳು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅಕ್ಕಾ, ನಿನ್ನ ಗಿರಾಕಿಗಳು ಎಲ್ಲಿ ಹೋಗ್ಯಾರ?"

"ನನಗೇನ ಗೊತ್ತೋ ತಮ್ಮಾ. ಮಲಗ್ಯಾರ ಅಂತ ಕಾಣತೈತಿ."

"ಚ್ಯಾಷ್ಟಿ ಮಾಡಬ್ಯಾಡ. ಅಳತಿ ದಿನ ಹತ್ರ ಬಂತು. ನಿನ್ನ ಕಲ್ಲು ನೋಡಿ ಮಂದಿ ನಗಾಕತ್ಯಾರ."

"ನಗಲಿ ಬಿಡು. ನಕ್ಕೊಂತ ಮಲಗಿದ್ರ ನಿದ್ದಿ ಛಲೋ ಬರತೈತಿ."

ನನಗೆ ರೇಗಿತು. ಕೈಗೆ ಸಿಕ್ಕ ತಲೆದಿಂಬನ್ನು ಗೋಡೆಗೆ ಬೀಸಿ ಒಗೆದೆ. ಹತ್ತಿಯ ದಿಂಬು, ಸಪ್ಪಳವೂ ಆಗಲಿಲ್ಲ. ಅವಳು ಅದನ್ನು ಎತ್ತಿ ದೂಳು ಕೊಡವಿ ಮತ್ತೆ ನನ್ನ ಕೈಗೇ ಕೊಟ್ಟಳು. "ಇನ್ನೊಮ್ಮೆ ಒಗೀತೀ ಏನು? ಹೊಲಿಗಿ ಗಟ್ಟಿ ಐತಿ" ಅಂದಳು.

ಮರುದಿನದಿಂದ ಅವಳ ಎದುರಿನ ತುಕಾರಾಮನ ಚಹಾದಂಗಡಿಯಲ್ಲಿ ಕೂತು ಕಾವಲು ಕಾಯತೊಡಗಿದೆ. ಯಾರು ಬರುತ್ತಾರೆ, ಏನು ಒಯ್ಯುತ್ತಾರೆ, ಹಿತ್ತಲ ಬಾಗಿಲಿನಿಂದ ಮೂಟೆ ಹೊರಗೆ ಹೋಗುತ್ತದೆಯೇ ಎಂದು ಕಣ್ಣಿಟ್ಟೆ. ಮೂಟೆ ಹೋಗಲಿಲ್ಲ. ಬಂದವರನ್ನು ಅವಳು ಬೈಯಲೂ ಇಲ್ಲ. ಅದಕ್ಕಿಂತ ವಿಚಿತ್ರವಾದ ಒಂದು ಕೆಲಸ ಮಾಡುತ್ತಿದ್ದಳು. ಗಿರಾಕಿ ಬಂದು, "ಗಾದಿ ತೋರಸ್ರಿ" ಅಂದರೆ, "ಮೊದಲ ಮಲಗ್ರಿ" ಎಂದು ಚಾಪೆ ತೋರಿಸುತ್ತಿದ್ದಳು. ದೊಡ್ಡ ದೊಡ್ಡ ಮನುಷ್ಯರು ನಾಚಿಕೊಂಡು ಮಲಗುತ್ತಿದ್ದರು. ಇವಳು ತಲೆದೆಸೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವರು ಯಾವ ಮಗ್ಗುಲಿಗೆ ಹೊರಳುತ್ತಾರೆ, ಹೆಗಲು ಎಲ್ಲಿ ನೆಲಕ್ಕೆ ಒತ್ತುತ್ತದೆ, ಸೊಂಟದ ಕೆಳಗೆ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡುತ್ತಿದ್ದಳು. ಆಮೇಲೆ, "ಎಂಟು ದಿನ ಬಿಟ್ಟು ಆಳನ್ನ ಕಳಸ್ರಿ, ಗಾದಿ ಒಯ್ಯಲಿ" ಎಂದು ಕಳಿಸುತ್ತಿದ್ದಳು. ಅಷ್ಟೇ. ಮತ್ತೆ ಆ ಮನುಷ್ಯನ ಮುಖ ಆ ಓಣಿಯಲ್ಲಿ ಕಾಣಿಸುತ್ತಿರಲಿಲ್ಲ.

"ದಾವಲಸಾಬಾ, ನೀ ಹಿಂಗ ದಿನಾ ಬಂದು ಚಹಾ ಕುಡದ್ರ ನನ್ನ ಕಲ್ಲು ಅಟ್ಟ ಮುಟ್ಟತೈತಿ ನೋಡು" ಎಂದು ತುಕಾರಾಮ ನಕ್ಕ. ನಿಜಕ್ಕೂ ಅವನ ಕಲ್ಲು ಏಳುತ್ತಿತ್ತು. ನನ್ನ ಅನುಮಾನದಿಂದ ಅವನ ಅಂಗಡಿಗೆ ಒಳ್ಳೆಯ ಹೆಸರು ಬಂತು.

ಇವಳು ಮಲಗಿಸಿ ಏನೋ ಹೇಳಿ ಕಳಿಸುತ್ತಾಳೆ, ಅದಕ್ಕೇ ಅವರು ತಿರುಗಿ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅನುಮಾನ ಎಂಬುದು ಒಂದು ಮನೆಗೆ ಹೊಕ್ಕರೆ ಪಕ್ಕದ ಮನೆಯನ್ನೂ ಇಣುಕುತ್ತದೆ. ಮೀರಾನ ಕಲ್ಲು ಇಷ್ಟು ಬೇಗ ಯಾಕೆ ಎದ್ದಿತು? ಹೋಗಿ ಅವನ ಮೆಟ್ಟುಗಲ್ಲಿನ ಕೆಳಗೆ ಕೈ ಹಾಕಿ ಸವರಿದೆ. ಬೆಣೆ ಇರಲಿಲ್ಲ, ಮರಳೂ ಇರಲಿಲ್ಲ. ಅಂಗಡಿಯ ತುಂಬ ಜನ. ಆದರೆ ಹೊರಗೆ ಬರುವವರ ಹುಬ್ಬು ಗಂಟಿಕ್ಕಿತ್ತು. ಒಬ್ಬನಂತೂ ಕಲ್ಲು ಇಳಿಯುವಾಗ ಉಗುಳಿ ಹೋದ.

"ಯಾಕೋ ಮೀರಾ, ಆ ಮನಷ್ಯಾ ಸಿಟ್ಟಿನ್ಯಾಗ ಹೋದ?"

"ಅವ ಹುಟ್ಟಾ ಹಾಂಗ ಕಾಕಾ. ನಾಕ ಸಲ ಬಂದಾನ. ನಮ್ಮ ಖಾಯಂ ಗಿರಾಕಿ" ಅಂದ ಅವನು, ಹಲ್ಲು ಬಿಟ್ಟು. ನಾನು ಹೊರಡುವಾಗ ಒಂದು ಹೊಸ ಗಾದಿಯನ್ನು ಆಳಿನ ತಲೆಯ ಮೇಲೆ ಹೊರಿಸಿ ನನ್ನ ಮನೆಗೆ ಕಳಿಸಿದ. "ನಿನ್ನ ವಯಸ್ಸಿಗೆ ಮೆತ್ತನ್ನ ಗಾದಿ ಬೇಕು ಕಾಕಾ" ಎಂಬ ಮಾತೂ ಜೊತೆಗೆ ಬಂತು. ಅಕ್ಕ ಯಾವತ್ತಾದರೂ ಹೀಗೆ ಕಳಿಸಿದ್ದಳೇ? ಯಾರು ನನ್ನವರು ಎಂದು ಅವತ್ತೇ ಗೊತ್ತಾಯಿತು ಎಂದುಕೊಂಡೆ.

ಅದಾದ ಮೇಲೆ ನನ್ನ ಸೊಂಟ ಹಿಡಿದುಕೊಳ್ಳತೊಡಗಿತು. ಗುರುಪಾದಯ್ಯನ ಏಣಿ ಹತ್ತಿದೆ. ಅವನು ಎಣ್ಣೆ ತಿಕ್ಕಿದ, ಕಷಾಯ ಕೊಟ್ಟ. ಕಡಿಮೆಯಾಗಲಿಲ್ಲ. ಮತ್ತೆ ಹತ್ತಿದೆ. ಪಟ್ಟು ಹಾಕಿದ. ಕಡಿಮೆಯಾಗಲಿಲ್ಲ. ಹಾಗೆಯೇ ಹತ್ತುವುದು ಇಳಿಯುವುದು ನಡೆದಿತ್ತು. ಅಳತೆಗೆ ಒಂದು ದಿನ ಉಳಿದಿರುವಾಗ ಏಣಿಯ ತುದಿಗೆ ಹೋಗಿ ಕಲ್ಲಿನ ಮೇಲೆ ಕಾಲಿಟ್ಟೆ. ಪಾದದ ಕೆಳಗೆ ಅದು ಉಸಿರೆಳೆದ ಹಾಗೆ ಮೇಲೆದ್ದಿತು. ಕೆಳಗೆ ನಿಂತಿದ್ದ ಒಬ್ಬ, "ಎದ್ದಿತು ನೋಡ್ರಿ! ಏನ ಕೈಗುಣಾ!" ಅಂದ.

ನಾನು ಅಲ್ಲಿಯೇ ನಿಂತೆ. ಯಾವ ಕೈಗುಣ? ನೋವು ಹೋಗಿದ್ದರೆ ನಾನು ಈ ಏಣಿಯನ್ನು ಯಾಕೆ ಹತ್ತುತ್ತಿದ್ದೆ?

"ಬಾ ದಾವಲಸಾಬಾ, ಯಾಕ ನಿಂತಿ?" ಎಂದು ಒಳಗಿನಿಂದ ಗುರುಪಾದಯ್ಯ ಕರೆದ.

"ಅಯ್ಯನೋರ, ನಿಮ್ಮ ಕಡೆ ಬಂದು ಒಂದ ಸಲಕ್ಕ ಗುಣಾದವ್ರು ಯಾರರ ಅದಾರೇನ್ರಿ?"

"ಇರಬೇಕಪಾ. ತಿರುಗಿ ಬರೂದಿಲ್ಲಲ್ಲ, ನೆಪ್ಪ ಎಲ್ಲಿ ಇರತೈತಿ" ಅಂದ ಪುಣ್ಯಾತ್ಮ.

ಮೀರಾನ ಕಲ್ಲೂ ಹೀಗೆಯೇ ಎದ್ದಿದ್ದರೆ? ಏಣಿ ಇಳಿದವನೇ ಸೊಂಟ ಹಿಡಿದುಕೊಂಡು ಕುಂಟುತ್ತ ಮನೆಗೆ ಹೋದೆ. ಮೀರಾ ಕಳಿಸಿದ ಗಾದಿಯನ್ನು ಅಂಗಳಕ್ಕೆ ಎಳೆದು ಹರಿದೆ. ಮೇಲೆ ಒಂದು ಪದರ ಬೂರುಗದ ಹತ್ತಿ, ಬೆಣ್ಣೆಯ ಹಾಗೆ. ಅದರ ಕೆಳಗೆ ಹಳೆಯ ಗೋಣಿಯ ಚೂರು, ಚಿಂದಿ, ಗಿರಣಿಯ ಕಸ. ಸೊಂಟ ತಾಗುವ ಜಾಗದಲ್ಲಿ ಏನೂ ಇಲ್ಲ, ಗುಂಡಿ. ನನ್ನ ಹತ್ತಿ ಎಲ್ಲಿ ಹೋಯಿತು ಎಂದು ಕೇಳಲು ಅದೇ ಚಿಂದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊಸ ಪೇಟೆಗೆ ಹೋದೆ. ಮೊಣಕಾಲೆತ್ತರದ ಆ ಕಲ್ಲನ್ನು ಹತ್ತಲು ಸೊಂಟ ಒಪ್ಪಲಿಲ್ಲ. ಕೆಳಗೇ ನಿಂತು ಕೂಗಿದೆ.

"ಹೊರಗ ಬಾರೋ ಹಲ್ಕಾ!"

ಮೀರಾ ಬಂದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ಹೆದರುತ್ತಾನೆ ಎಂದುಕೊಂಡಿದ್ದೆ. ಅವನು ಕಲ್ಲಿನ ಮೇಲೆ ಆರಾಮಾಗಿ ಕೂತ.

"ಸಿಟ್ಟ ಮಾಡಬ್ಯಾಡ ಕಾಕಾ. ಹತ್ತಿ ಎಲ್ಲಾ ಅಟ್ಟದ ಮ್ಯಾಲೆ ಐತಿ. ಒಂದ ಹಿಡಿನೂ ಹೊರಗ ಹೋಗಿಲ್ಲ. ಮನಷ್ಯಾ ತಿರುಗಿ ಬಂದಾಗ ಒಂದೀಟ ತುಂಬತೀನಿ. ಮತ್ತ ಬರತಾನ, ಮತ್ತೊಂದೀಟ ತುಂಬತೀನಿ. ಕಲ್ಲು ಏಳತೈತಿ."

"ಇದು ಕಸುಬೇನೋ? ನಿನ್ನ ಅಜ್ಜ ಹಿಂಗ ಮಾಡಿದ್ನೇನು?"

"ನೀ ಏನ ಕೇಳಿದ್ದಿ, ನೆನಪ ಮಾಡ್ಕೋ. ಶುರುವಿಗೆ ನಾನೂ ಚಾಂದಬಿ ಅತ್ತಿ ಹಾಂಗ ಮಾಡ್ತಿದ್ನಿ. ಒಳ್ಳೆ ಗಾದಿ ಒಯ್ದವ ಮತ್ತ ಬಂದಾನೇನು? ಕಲ್ಲು ಇಳೀತು. ನೀ ಬಂದು ಗಿರಾಕಿಗಳ ಮುಂದ ನಿನ್ನ ಕಲ್ಲು ಇಲಿಬಿಲದಂಗ ಐತಿ, ನಾಚಿಕಿ ಆಗೂದಿಲ್ಲೇನು ಅಂತ ಬೈದಿ. ಗಾದಿ ಹೆಂಗ ಐತಿ ಅಂತ ಒಂದಿನ ಒತ್ತಿ ನೋಡಿದ್ದೇನು? ಬರ್ತಿದ್ದಿ, ಕಲ್ಲು ನೋಡ್ತಿದ್ದಿ, ಹೋಗ್ತಿದ್ದಿ. ನಿನಗ ಬೇಕಾದ್ದು ಕಲ್ಲು. ಏಳಿಸಿ ಕೊಟ್ಟೇನಿ."

ಹೊಡೆಯಲು ಕೈ ಎತ್ತಿದೆ. ಸೊಂಟ ಹಿಡಿದುಕೊಂಡಿತು. ಎತ್ತಿದ ಕೈ ಎತ್ತಿದ ಹಾಗೆಯೇ ನಿಂತುಬಿಟ್ಟಿತು. ಪೇಟೆಯ ಮಂದಿ ನೋಡುತ್ತಿದ್ದರು. ಕೊನೆಗೆ ಮೀರಾನೇ ಇಳಿದು ಬಂದು ನನ್ನ ತೋಳು ಹಿಡಿದು ಕಲ್ಲಿನ ಮೇಲೆ ಕೂರಿಸಿದ. ಕೂರಲು ಆ ಕಲ್ಲು ಬಹಳ ಚೆನ್ನಾಗಿತ್ತು. ಅದರಷ್ಟು ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದಿಲ್ಲ.

ಇಷ್ಟಾದರೂ ಅಕ್ಕನ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ. ಮೀರಾ ಕಳ್ಳನೆಂದರೆ ಅವಳು ಸಾಚಾ ಎಂದೇನೂ ಅಲ್ಲವಲ್ಲ. ಅವಳ ಗಿರಾಕಿಗಳು ಸುಖವಾಗಿ ಮಲಗಿದ್ದಾರೋ, ಬೇಸತ್ತು ಪರವೂರಿನಲ್ಲಿ ಗಾದಿ ಕೊಂಡಿದ್ದಾರೋ, ಕಲ್ಲು ನೋಡಿ ಹೇಳಲು ಬರುವುದಿಲ್ಲ. ಪಂಚರ ಎದುರು ಬಾಯಿ ಬಿಡುವ ಮೊದಲು ನಾನು ಕಣ್ಣಾರೆ ನೋಡಬೇಕಿತ್ತು. ಅಳತೆಯ ದಿನ ಬೆಳಿಗ್ಗೆ ಬಳೆ ಮಾರುವ ನೀಲವ್ವನ ಮನೆಗೆ ಹೋದೆ. ನನ್ನ ಗಡ್ಡ ಕಪ್ಪಗಿದ್ದಾಗ ಅವಳು ಅಕ್ಕನ ಹತ್ತಿರ ಗಾದಿ ಒಯ್ದವಳು. ಆಮೇಲೆ ಆ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ.

"ನೀಲವ್ವಾ, ಖರೇ ಹೇಳು. ಈಗ ಗಾದಿ ಎಲ್ಲಿ ಮಾಡಸ್ತೀ?"

"ಯಾಕ? ಇದ್ದ ಗಾದಿಗೆ ಏನಾಗೈತಿ?"

"ನಾ ನೋಡಬೇಕು."

"ನೋಡು. ನೋಡಾಕೇನ ರೊಕ್ಕಾ ಕೊಡಬೇಕೇನು?" ಎಂದು ಒಳಗೆ ಕರೆದಳು. "ನನ್ನ ಮಕ್ಕಳು ಹುಟ್ಟಿದ್ದು ಇದರ ಮ್ಯಾಲೆ, ನನ್ನ ಅತ್ತಿ ಕಣ್ಣ ಮುಚ್ಚಿದ್ದೂ ಇದರ ಮ್ಯಾಲೆ. ಎರಡ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕು ಅಂದಿದ್ಲು ನಿಮ್ಮಕ್ಕ, ಹಾಕತೀನಿ."

ಗವಸು ಮಾಸಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಕೈಯಿಂದ ಒತ್ತಿದೆ. ಕೈಗೆ ಏನು ತಿಳಿಯುತ್ತದೆ? ಮೀರಾ ಕಳಿಸಿದ ಗಾದಿಯನ್ನೂ ನಾನು ಮನೆಯಲ್ಲಿ ಕೈಯಿಂದ ಒತ್ತಿಯೇ ಮೋಸ ಹೋಗಿದ್ದೆ. ಒಂದು ಗಳಿಗೆ ಮಲಗಿ ನೋಡಿ ಎದ್ದು ಹೋಗೋಣ ಎಂದು ಮೆಲ್ಲಗೆ ಒರಗಿದೆ. ಸೊಂಟದ ಕೆಳಗೆ ಯಾರೋ ಅಂಗೈ ಇಟ್ಟ ಹಾಗಾಯಿತು. ಹೊರಗೆ ನೀಲವ್ವ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದ ಸಪ್ಪಳ ಕೇಳುತ್ತಿತ್ತು. ಎಷ್ಟು ಬಳೆಗಳ ಸಪ್ಪಳ ಕೇಳಿಸಿತೋ ನನಗೆ ತಿಳಿಯದು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯಿಂದ ಇಳಿದು ಹೊಸ್ತಿಲಿನಲ್ಲಿತ್ತು. ಮನೆಯವರೆಲ್ಲ ಪಿಸುಮಾತಿನಲ್ಲಿ ರೊಟ್ಟಿ ಊಟ ಮಾಡುತ್ತಿದ್ದರು. ನೀಲವ್ವ ಸೊಸೆಗೆ, "ಹಂಚ ಮೆಲ್ಲಗ ಇಡ, ದಾವಲಸಾಬ ಎಚ್ಚರಾಗತಾನ" ಅನ್ನುತ್ತಿದ್ದಳು. ನಾನು ಹೌಹಾರಿ ಎದ್ದು ಕೂತೆ.

"ಯಾಕ ಎಬ್ಬಸಲಿಲ್ಲ? ಇವತ್ತ ಅಳತಿ!"

"ಗೊತ್ತೈತಪ್ಪಾ. ಪಂಚರು ಬಂದ ಸುದ್ದಿ ತಿಳದ ಕೂಡಲೆ ನಿಮ್ಮ ಅಕ್ಕಗ ಹೇಳಿ ಕಳಿಸಿದ್ವಿ, ಇಲ್ಲಿ ಮಲಗ್ಯಾನ, ಎಬ್ಬಸೂಣೇನು ಅಂತ. ಎಬ್ಬಸಬ್ಯಾಡ್ರಿ, ಭಾಳ ದಿನದ ನಿದ್ದಿ ಐತಿ ಅವಂದು, ಮಲಗಲಿ ಅಂದ್ಲು."

ಚಪ್ಪಲಿ ಮೆಟ್ಟದೆ ಓಡಿದೆ. ಓಡುತ್ತಿರುವಾಗ ಅರ್ಧ ದಾರಿಯಲ್ಲಿ ಹೊಳೆಯಿತು: ನಾನು ಓಡುತ್ತಿದ್ದೇನೆ. ಸೊಂಟ ಏನೂ ಅನ್ನುತ್ತಿಲ್ಲ.

ಹಳೆಯ ಓಣಿಯಲ್ಲಿ ಯಾರೂ ಇರಲಿಲ್ಲ. ಪಂಚರು ಬಂದು ಅಳೆದು ಹೋಗಿದ್ದರು. ಅಕ್ಕನ ಬಾಗಿಲಿಗೆ ಸುಣ್ಣದ ಗೀಟು ಬಿದ್ದಿತ್ತು, ಇನ್ನೂ ಹಸಿ. ಅವಳು ಒಳಗೆ ದಬ್ಬಣಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು. ಚಾಪೆ ಸುರುಳಿಯಾಗಿ ಗೋಡೆಗೆ ಒರಗಿತ್ತು.

"ಎದ್ದಿ ಏನು?" ಅಂದಳು.

"ನಿನಗ ತಲಿ ಕೆಟ್ಟೈತೇನಕ್ಕಾ? ಒಂದ ಮಾತಿಗೆ ನನ್ನ ಎಬ್ಬಿಸಿದ್ರ ಈ ಗೀಟು ಬೀಳ್ತಿತ್ತೇನು?"

"ಎಬ್ಬಿಸಿದ್ರ ನೀ ಏನ ಹೇಳ್ತಿದ್ದಿ ಅಂತ ನನಗೇನ ಗೊತ್ತು? ತಿಂಗಳಿಂದ ಎದುರಿಗೆ ಕುಂತು ಕಳ್ಳನ್ನ ನೋಡಿದಂಗ ನೋಡಾಕತ್ತಿದ್ದಿ." ಗಂಟು ಬಿಗಿದಳು. "ಅದಿರ್ಲಿ. ಗಾದಿ ಹೆಂಗಿತ್ತು?"

ಕೊಡದಲ್ಲಿ ನೀರಿತ್ತು. ಅದನ್ನು ಎತ್ತಿ ಬಾಗಿಲಿಗೆ ಸುರಿದೆ. ಅಂಗಿಯ ತೋಳಿನಿಂದ ಉಜ್ಜಿ ಸುಣ್ಣ ಒರೆಸಿದೆ. ಎದುರಿನಿಂದ ತುಕಾರಾಮ, "ಏ ದಾವಲಸಾಬಾ, ಪಂಚರ ಗೀಟಪಾ ಅದು! ಯಾರೂ ಒರಸಿಲ್ಲ ಇಲ್ಲೀತನಕ!" ಎಂದು ಕೂಗಿದ. "ನಾ ಒರಸೇನಿ, ಹೋಗಿ ಹೇಳು" ಅಂದೆ. ಅಲ್ಲಿಂದ ಹೊಸ ಪೇಟೆಗೆ ಹೋಗಿ ಮೀರಾನ ಬಾಗಿಲಿಗೆ ನನ್ನ ಕೈಯಿಂದಲೇ ಸುಣ್ಣದ ಗೀಟು ಎಳೆದೆ. ಮೀರಾ ತಡೆಯಲಿಲ್ಲ. "ಅಟ್ಟದ ಮ್ಯಾಲಿನ ಹತ್ತಿ ಇಳಸ್ಲೇನು ಕಾಕಾ?" ಅಂದ. "ಇಳಸು. ಅತ್ತಿ ಮನಿಗೆ ಹೊರು. ನೀ ಕಸಾ ತುಂಬಿ ಕೊಟ್ಟ ಗಾದಿ ಎಲ್ಲಾ ಅಕಿ ಕಡೆ ಕುಂತು ಬಿಚ್ಚು" ಅಂದೆ. ಅವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ನನಗಲ್ಲ, ಅವಳಿಗೆ.

ಮರುದಿನ ಅಕ್ಕನ ಅಂಗಡಿ ತೆರೆಯುತ್ತಲೇ ಚೆನ್ನವೀರಪ್ಪ ಗಳ ಹಿಡಿದು ಬಂದ. ಮುಖ ಕೆಂಪಾಗಿತ್ತು. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ನಾನು ಆವತ್ತೇ ಗಮನಿಸಿದ್ದು. ಅವನು ಒಳಗೆ ಕಾಲಿಡುವಾಗ ಎಡಗೈ ಸೊಂಟದ ಮೇಲಿತ್ತು.

"ದಾವಲಸಾಬ, ಇದು ಊರೋ ಸಂತಿಯೋ? ಕಲ್ಲಿನ ಮಾತು ಮೀರಿ ಗೀಟು ಒರಸತೀಯಾ? ಮೊಣಕಾಲ ಮಟಾ ಎದ್ದ ಅಂಗಡಿ ಮುಚ್ಚಿ ಈ ಹಾಳ ಬಿದ್ದದ್ದನ್ನ ಇಟಗೊಳ್ಳಾಕ ನಿನಗ ಹುಚ್ಚ ಹಿಡದೈತೇನು?"

ನಾನು ಬಾಯಿ ತೆರೆದೆ. ಒಂದು ಒಳ್ಳೆಯ ಜಗಳಕ್ಕೆ ಮಾತುಗಳು ನಾಲಗೆಯ ತುದಿಗೆ ಬಂದು ನಿಂತಿದ್ದವು. ಅಷ್ಟರಲ್ಲಿ ಅಕ್ಕ ಸುರುಳಿ ಬಿಚ್ಚಿ ಚಾಪೆ ಹಾಸಿದಳು.

"ಚೆನ್ನವೀರಪ್ಪಣ್ಣಾ, ಜಗಳ ಆಮ್ಯಾಲ ಮಾಡೂಣು. ಮೊದಲ ಮಲಗ್ರಿ."

"ನಾ ಮಲಗಾಕ ಬಂದಿಲ್ಲವಾ!"

"ಗೊತ್ತೈತ್ರಿ. ನಿಂತ ರೀತಿ ನೋಡಿದ್ರ ತಿಳೀತೈತಿ. ಹೊಸ ಪ್ಯಾಟಿ ಗಾದಿ ಅಲ್ಲೇನ್ರಿ? ಬಲಮಗ್ಗಲಿಗೆ ಹೊರಳ್ರಿ."

ಅವನು ನನ್ನನ್ನು ನೋಡಿದ. ನಾನು ಬೀದಿಯ ಕಡೆ ನೋಡಿದೆ. ಪೇಟೆಯ ಯಜಮಾನ ಗೊಣಗುತ್ತ, ಗಳವನ್ನು ಎದೆಯ ಮೇಲೆ ಇಟ್ಟುಕೊಂಡು, ಬಲಮಗ್ಗುಲಿಗೆ ಹೊರಳಿದ. ಅಕ್ಕ ತಲೆದೆಸೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಎಂಟು ದಿನ ಬಿಟ್ಟು ಆಳನ್ನು ಕಳಿಸಿ ಅಂದಳು. ಗೀಟಿನ ಮಾತನ್ನು ಆ ಎಂಟು ದಿನ ಯಾರೂ ಎತ್ತಲಿಲ್ಲ. ಆಳು ಬಂದು ಗಾದಿ ಹೊತ್ತುಕೊಂಡು ಹೋದ.

ಇದು ಚೆನ್ನವೀರಪ್ಪನ ಯಾವುದೋ ಯುಕ್ತಿ, ಗಾದಿ ಕೈಗೆ ಸಿಕ್ಕ ಮೇಲೆ ಅವನು ಸುಣ್ಣದ ತಂಬಿಗೆ ಹಿಡಿದು ಬಂದೇ ಬರುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಮೊದಲ ಕೆಲವು ದಿನ ನಾನು ಬಾಗಿಲಲ್ಲೇ ಕೂತು ಕಾದೆ. ಈಗಲೂ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಓಣಿಯ ತುದಿಯವರೆಗೆ ಒಮ್ಮೆ ನೋಡುತ್ತೇನೆ. ಅವನು ಇನ್ನೂ ತಿರುಗಿ ಬಂದಿಲ್ಲ.